ಹಲ್ಲಿನ ತಲೆಗೆ ಕಟ್ಟಿದ ಜ್ವರ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಐದಾರು ತಿಂಗಳು ತುಂಬಿದ ಮಗುವಿಗೆ ಏನೇ ಆದರೂ ಕಾರಣ ಒಂದೇ. ಮೈ ಬಿಸಿಯಾಯಿತು, ಹಲ್ಲು. ಹೊಟ್ಟೆ ಕೆಟ್ಟಿತು, ಹಲ್ಲು. ರಾತ್ರಿಯಿಡೀ ರಚ್ಚೆ ಹಿಡಿಯಿತು, ಅದೂ ಹಲ್ಲು. "ಹಲ್ಲು ಬರೋ ಜ್ವರ ಮಾರಾಯ್ತಿ, ಅದಕ್ಕೆಲ್ಲ ಹೆದರ್ತಾರೇನೆ?" ಎಂದು ತೀರ್ಥಹಳ್ಳಿ ಕಡೆಯ ಅಜ್ಜಿ ಧೈರ್ಯ ಹೇಳಿದರೆ, ಸಾಗರದ ಹವ್ಯಕರ ಮನೆಯಲ್ಲಿ ಅದೇ ಧೈರ್ಯ "ಹಲ್ಲು ಬಪ್ಪ ಜ್ವರ, ಎಂತೂ ಆಗ್ತಿಲ್ಲೆ" ಎಂದು ಬರುತ್ತದೆ. ಮೊದಲ ಬಾಣಂತನದ ಹುಡುಗಿಗೆ ಆ ಹೊತ್ತಿನಲ್ಲಿ ಅದಕ್ಕಿಂತ ದೊಡ್ಡ ಸಮಾಧಾನ ಇಲ್ಲ. ಮಾತಿನಲ್ಲಿ ಅರ್ಧ ನಿಜವೂ ಇದೆ. ಉಳಿದರ್ಧ ಮಲೆನಾಡಿನಂಥ ಸೀಮೆಯಲ್ಲಿ ದುಬಾರಿಯಾಗಬಹುದು.

ನಿಜವಾದ ಅರ್ಧವನ್ನು ಮೊದಲು ನೋಡೋಣ. ಹಾಲುಹಲ್ಲುಗಳು ಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ, ಆರನೆಯ ವಾರದ ಹೊತ್ತಿಗೆ, ಮೊಳಕೆ ಕಟ್ಟಲು ತೊಡಗುತ್ತವೆ. ಮೊದಲು ಹೊರಗೆ ಕಾಣುವುದು ಸಾಮಾನ್ಯವಾಗಿ ಕೆಳಗಿನ ಎರಡು ನಡುಹಲ್ಲು. ಹೆಚ್ಚಿನ ಮಕ್ಕಳಲ್ಲಿ ಅದು ಆರರಿಂದ ಹತ್ತು ತಿಂಗಳ ನಡುವೆ. ಎಂಟರಿಂದ ಹನ್ನೆರಡರ ನಡುವೆ ಮೇಲಿನ ಎರಡು ನಡುಹಲ್ಲು, ಆಮೇಲೆ ಅವುಗಳ ಅಕ್ಕಪಕ್ಕದವು. ವರ್ಷ ದಾಟಿದ ಮೇಲೆ ಮೊದಲ ದವಡೆಹಲ್ಲು ಬರುತ್ತದೆ, ಕೋರೆಹಲ್ಲಿನ ಸರದಿ ಅದರ ನಂತರ. ಎರಡನೆಯ ದವಡೆಹಲ್ಲು ಎರಡು ವರ್ಷದ ಆಸುಪಾಸಿಗೆ ಶುರುವಾಗಿ, ಎರಡೂವರೆಯಿಂದ ಮೂರರೊಳಗೆ ಒಟ್ಟು 20 ಹಲ್ಲು ಪೂರ್ತಿಯಾಗುತ್ತವೆ. ನಾಲ್ಕು ತಿಂಗಳಿಗೇ ಹಲ್ಲು ತೋರಿಸುವ ಮಕ್ಕಳಿದ್ದಾರೆ, ಮೊದಲ ಹುಟ್ಟುಹಬ್ಬಕ್ಕೂ ಬೊಚ್ಚುಬಾಯಲ್ಲಿ ನಗುವವರೂ ಇದ್ದಾರೆ. ಅಪ್ಪನಿಗೋ ಅಮ್ಮನಿಗೋ ತಡವಾಗಿ ಬಂದಿದ್ದರೆ ಮಗುವಿಗೂ ತಡವಾಗುವುದು ಸಹಜ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಲೆಕ್ಕವನ್ನು ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಿದ್ದ ದಿನದಿಂದ ಹಾಕಬೇಕು. ಒಂದೂವರೆ ವರ್ಷವಾದರೂ ಒಂದೂ ಕಾಣದಿದ್ದರೆ ಮಾತ್ರ ವೈದ್ಯರಿಗೆ ತೋರಿಸಿ. ತಡವಾಗಿ ಬಂದ ಹಲ್ಲು ಗಟ್ಟಿ ಎಂಬ ಮಾತಿಗೆ ಆಧಾರವಿಲ್ಲ, ಆದರೆ ಕಾಯುವ ತಾಯಿಗೆ ಅದರಿಂದ ನಷ್ಟವೂ ಇಲ್ಲ.

ಹಲ್ಲು ಬರುವ ಮುಖ್ಯ ಗುರುತುಗಳೆಲ್ಲ ಬಾಯಿಯ ಸುತ್ತಲೇ ಇರುತ್ತವೆ ಎನ್ನುವುದನ್ನು ನೆನಪಿಟ್ಟುಕೊಂಡರೆ ಸಾಕು. ಒಸಡು ಒಂದು ಕಡೆ ಉಬ್ಬಿ ಬೆಳ್ಳಗೆ ಇಲ್ಲವೇ ಕೆಂಪಗೆ ಕಾಣುತ್ತದೆ. ತೊಳೆದ ಬೆರಳಿನಿಂದ ಸವರಿದರೆ ಒಳಗೆ ಗಟ್ಟಿ ಅಂಚು ಸಿಗುತ್ತದೆ. ಇನ್ನೆರಡು ದಿನ ಬಿಟ್ಟು ಚಮಚ ತಾಗಿದಾಗ ಟಿಣ್ ಎನ್ನುತ್ತದೆ. ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ, ಅಮ್ಮನ ಮೊಲೆಯನ್ನೂ ಬಿಡುವುದಿಲ್ಲ. ಕಚ್ಚಿತೆಂದು ಎದೆಹಾಲು ಬಿಡಿಸಬೇಕಾಗಿಲ್ಲ. ಬಾಯಿಂದ ಮೊಲೆ ಬಿಡಿಸಿ, ಸ್ವಲ್ಪ ಹೊತ್ತು ಬಿಟ್ಟು ಕೊಟ್ಟರೆ ನಾಲ್ಕು ದಿನದಲ್ಲಿ ಅದು ಪಾಠ ಕಲಿಯುತ್ತದೆ. ಕಿರಿಕಿರಿ, ನಿದ್ದೆಯಲ್ಲಿ ಎಚ್ಚರ, ಕಿವಿ ಉಜ್ಜಿಕೊಳ್ಳುವುದು, ಗಟ್ಟಿ ಊಟ ಬೇಡವೆನ್ನುವುದು ಇವೂ ಇರಬಹುದು. ಒಮ್ಮೊಮ್ಮೆ ಹಲ್ಲು ಬರುವ ಜಾಗದಲ್ಲಿ ನೀಲಿ ಗುಳ್ಳೆಯೊಂದು ಎದ್ದು ಮನೆಯವರನ್ನೆಲ್ಲ ಗಾಬರಿಗೊಳಿಸುತ್ತದೆ. ಅದು ಹಲ್ಲಿನ ಮೇಲಿನ ಪೊರೆಯೊಳಗೆ ದ್ರವವೋ ರಕ್ತವೋ ನಿಂತದ್ದು. ಹಲ್ಲು ಮೇಲೆದ್ದಾಗ ತಾನೇ ಒಡೆದು ಹೋಗುತ್ತದೆ, ಸೂಜಿ ಚುಚ್ಚುವುದು ಬೇಡ.

ಜೊಲ್ಲಿನ ವಿಷಯದಲ್ಲಿ ಸ್ವಲ್ಪ ಗೊಂದಲವಿದೆ. ಎರಡು ಮೂರು ತಿಂಗಳಿಗೇ ಜೊಲ್ಲು ಸುರಿಯತೊಡಗಿದರೆ ಹಲ್ಲು ಬಂತೆಂದು ಮನೆಯವರು ಒಸಡು ನೋಡುತ್ತಾರೆ. ಆ ವಯಸ್ಸಿಗೆ ಜೊಲ್ಲುಗ್ರಂಥಿಗಳು ಚುರುಕಾಗುತ್ತವೆ, ಜೊಲ್ಲು ನುಂಗುವ ಅಭ್ಯಾಸ ಮಾತ್ರ ಇನ್ನೂ ಆಗಿರುವುದಿಲ್ಲ, ಅಷ್ಟೇ. ಹಲ್ಲಿಗೂ ಅದಕ್ಕೂ ಇನ್ನೂ ತಿಂಗಳುಗಳ ಅಂತರ. ಆಗುಂಬೆ, ಹುಲಿಕಲ್ಲಿನ ಮಳೆಗಾಲದಲ್ಲಿ ಜೊಲ್ಲಿನದೇ ಒಂದು ರಗಳೆ. ಒಣಗದ ಬಟ್ಟೆ, ಒದ್ದೆ ಕುತ್ತಿಗೆ, ಗಲ್ಲದ ಕೆಳಗಿನ ಮಡಿಕೆಯಲ್ಲಿ ಕೆಂಪು ದದ್ದು. ಬೆಂಕಿಯ ಕಾವಿನಲ್ಲಿ ಒಣಗಿಸಿದ ಮೆತ್ತನೆಯ ಹತ್ತಿ ಬಟ್ಟೆಯನ್ನು ಆಗಾಗ ಬದಲಿಸಿ, ಉಜ್ಜದೆ ಒತ್ತಿ ಒರೆಸಿ, ತೆಳುವಾಗಿ ಕೊಬ್ಬರಿ ಎಣ್ಣೆ ಸವರಿದರೆ ಮುಗಿಯಿತು.

ಈಗ ಜ್ವರಕ್ಕೆ ಬರೋಣ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು 125 ಮಕ್ಕಳ ತಂದೆತಾಯಿಗಳಿಂದ ದಿನದಿನದ ದಾಖಲೆ ಬರೆಸಿ, 475 ಹಲ್ಲುಗಳು ಹುಟ್ಟಿದ ಹೊತ್ತನ್ನು ಪರಿಶೀಲಿಸಿ 2000ರಲ್ಲಿ ಪ್ರಕಟಿಸಿದರು. ಹಲ್ಲು ಕಾಣುವ ನಾಲ್ಕು ದಿನ ಮೊದಲು, ಆ ದಿನ, ನಂತರದ ಮೂರು ದಿನ ಹೀಗೆ ಒಟ್ಟು ಎಂಟು ದಿನಗಳಲ್ಲಿ ಕಚ್ಚುವುದು, ಜೊಲ್ಲು, ಕಿರಿಕಿರಿ, ಮೈ ತುಸು ಬೆಚ್ಚಗಾಗುವುದು ಹೆಚ್ಚಿದ್ದು ನಿಜ. ಆದರೆ ಜೋರು ಜ್ವರ, ಭೇದಿ, ವಾಂತಿ, ಕೆಮ್ಮು ಹಲ್ಲಿನ ಜೊತೆ ಬರಲಿಲ್ಲ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಯಾವ ಲಕ್ಷಣವೂ ಹಲ್ಲು ಬರುತ್ತಿದ್ದ ಮಕ್ಕಳಲ್ಲಿ ಶೇಕಡಾ 35ಕ್ಕಿಂತ ಹೆಚ್ಚಿನವರಲ್ಲಿ ಕಾಣಲಿಲ್ಲ. ಬ್ರೆಜಿಲ್‌ನಲ್ಲಿ ದಂತವೈದ್ಯರೇ ಎಂಟು ತಿಂಗಳ ಕಾಲ ದಿನಾ 47 ಮಕ್ಕಳ ಮನೆಗೆ ಹೋಗಿ ಥರ್ಮಾಮೀಟರ್ ಇಟ್ಟು ನೋಡಿದರು. 2011ರಲ್ಲಿ ಬಂದ ಆ ವರದಿಯಲ್ಲೂ ಹಲ್ಲು ಮೂಡಿದ ದಿನ ಉಷ್ಣತೆ ಒಂದಿಷ್ಟು ಏರಿತ್ತು, ಜ್ವರ ಎನ್ನುವ ಮಟ್ಟಕ್ಕೆ ಹೋಗಿರಲಿಲ್ಲ.

ಹಾಗಾದರೆ ಅಜ್ಜಿಯಂದಿರು ಸುಳ್ಳು ಹೇಳಿದರೇ? ಇಲ್ಲ, ಅವರು ಕಂಡದ್ದನ್ನೇ ಹೇಳಿದರು. ಹಲ್ಲಿನ ಹೊತ್ತಿಗೇ ಮಕ್ಕಳಿಗೆ ಜ್ವರ ಭೇದಿ ಹೆಚ್ಚು ಬರುವುದು ಖಂಡಿತ. ತಾಯಿಯಿಂದ ಹೊಕ್ಕುಳಬಳ್ಳಿಯ ಮೂಲಕ ಬಂದ ರೋಗನಿರೋಧಕ ಅಂಶಗಳು ಆರು ತಿಂಗಳ ಸುಮಾರಿಗೆ ಕರಗುತ್ತಾ ಬಂದಿರುತ್ತವೆ. ಅದೇ ಹೊತ್ತಿಗೆ ಅನ್ನಪ್ರಾಶನ, ರಾಗಿ ಮಣ್ಣಿ, ಬಟ್ಟಲು, ಚಮಚ, ಹೊರಗಿನ ನೀರು. ಅದೇ ಹೊತ್ತಿಗೆ ಮಗು ತೆವಳಿ, ಅಂಬೆಗಾಲಿಟ್ಟು, ಜಗಲಿಯಲ್ಲಿ ಬಿದ್ದದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಗುಡ್ಡದಿಂದ ಪೈಪಿನಲ್ಲಿ ಹರಿದು ಬರುವ ಅಬ್ಬಿ ನೀರು ನೋಡಲು ಸ್ಫಟಿಕ, ಆದರೆ ಮೊದಲ ಮಳೆಗೆ ಮೇಲಿನದ್ದೆಲ್ಲ ತೊಳೆದುಕೊಂಡು ಬರುವುದೂ ಅದರಲ್ಲೇ. ಕುದಿಸದೆ ಕೊಟ್ಟರೆ ಭೇದಿಗೆ ಹಲ್ಲು ಬೇಕಾಗಿಲ್ಲ. ಆರು ತಿಂಗಳಿಂದ ಒಂದು ವರ್ಷದೊಳಗೆ ಮಕ್ಕಳಿಗೆ ಸಾಮಾನ್ಯವಾಗಿ ಬರುವ ವೈರಸ್ ಜ್ವರವೊಂದಿದೆ. ಮೂರು ದಿನ ಜೋರು ಜ್ವರ ಇದ್ದು, ಇಳಿಯುತ್ತಿದ್ದಂತೆ ಮೈಮೇಲೆ ಗುಲಾಬಿ ಬಣ್ಣದ ಸಣ್ಣ ದದ್ದುಗಳು ಏಳುತ್ತವೆ. ಅಷ್ಟರಲ್ಲಿ ಹಲ್ಲೂ ಇಣುಕಿದ್ದರೆ ಅಪವಾದ ಹಲ್ಲಿಗೇ. ಬಾಯಿಯೊಳಗೆ ಹುಣ್ಣೆದ್ದು, ಒಸಡು ಊದಿ ರಕ್ತ ಜಿನುಗಿ, ಮಗು ನೀರನ್ನೂ ಒಲ್ಲೆ ಎಂದರೆ ಅದು ಹರ್ಪಿಸ್ ವೈರಸ್ಸಿನ ಸೋಂಕಿರಬಹುದು. ಅದಕ್ಕೂ "ಹಲ್ಲು ಬರ್ತಿದೆ" ಎಂಬ ಹಣೆಪಟ್ಟಿ ಬೀಳುವುದುಂಟು.

ಈ ತಪ್ಪು ಮಲೆನಾಡಿನದೂ ಅಲ್ಲ, ಹಳ್ಳಿಯವರದೂ ಅಲ್ಲ. ವಾಗ್ಭಟನ ಅಷ್ಟಾಂಗಹೃದಯವೇ ಹಲ್ಲು ಹುಟ್ಟುವುದನ್ನು ಮಕ್ಕಳ ಎಲ್ಲ ರೋಗಗಳಿಗೂ ಕಾರಣ ಎಂದಿತು. ಆದರೆ ಹಲ್ಲು ಬಂದ ಮೇಲೆ ಅವು ತಾವಾಗಿ ಅಡಗುವುದರಿಂದ ಮಗುವನ್ನು ಪಥ್ಯದಿಂದ ಹೆಚ್ಚು ಕಾಡಬೇಡಿ ಎಂದೂ ಹೇಳಿತು. ಯುರೋಪಿನವರಿಗೆ ಆ ಸಂಯಮವೂ ಇರಲಿಲ್ಲ. 16ನೆಯ ಶತಮಾನದ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರ್ವಾಜ್ ಪಾರೆ ಒಸಡು ಕೊಯ್ದು ಹಲ್ಲಿಗೆ ದಾರಿ ಮಾಡುವ ಪದ್ಧತಿ ತಂದ, ಮುನ್ನೂರು ವರ್ಷ ಅದು ನಡೆಯಿತು. 1839ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಐದು ಸಾವಿರಕ್ಕೂ ಹೆಚ್ಚು ಸಾವುಗಳ ಕಾರಣದ ಕಾಲಂನಲ್ಲಿ ಸರ್ಕಾರಿ ದಾಖಲೆಯೇ 'ಹಲ್ಲು ಬರುವುದು' ಎಂದು ಬರೆದುಕೊಂಡಿತು. ಆ ಮಕ್ಕಳು ನಿಜವಾಗಿ ಯಾವುದರಿಂದ ಸತ್ತರೋ ಅದನ್ನು ಯಾರೂ ಹುಡುಕಲಿಲ್ಲ. ಒಸಡಿಗೆಂದು ಮಾರುತ್ತಿದ್ದ ಪುಡಿಗಳಲ್ಲಿ ಪಾದರಸವಿತ್ತು. ಅದರಿಂದ ಮಕ್ಕಳ ಕೈಕಾಲು ಕೆಂಪಾಗಿ ಸುಲಿಯುತ್ತಿದ್ದ ಕಾಯಿಲೆಯ ಗುಟ್ಟು 1940ರ ದಶಕದ ಕೊನೆಗೆ ಬಯಲಾಗಿ, ಬ್ರಿಟನ್ನಿನಲ್ಲಿ ಆ ಪುಡಿ 1954ರಲ್ಲಿ ನಿಂತಿತು. ಈ ಶತಮಾನದಲ್ಲೇ, 2008–09ರಲ್ಲಿ, ನೈಜೀರಿಯಾದಲ್ಲಿ 'ಮೈ ಪಿಕಿನ್' ಎಂಬ ಹಲ್ಲಿನ ಔಷಧಿಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸೇರಿ 84 ಮಕ್ಕಳು ಸತ್ತರು. ಹಲ್ಲು ಯಾರನ್ನೂ ಕೊಲ್ಲಲಿಲ್ಲ, ಹಲ್ಲಿನ ಮದ್ದು ಕೊಂದಿತು.

ನಮ್ಮ ಮೂರು ತಾಲ್ಲೂಕುಗಳಲ್ಲಿ ಹಲ್ಲು ಬರೋ ಜ್ವರದ ಮಾತು ಇಷ್ಟು ಗಟ್ಟಿಯಾಗಿ ಬೇರೂರಿದ್ದಕ್ಕೆ ಇನ್ನೊಂದು ಕಾರಣವಿದೆ ಎಂದು ನನಗೆ ಅನ್ನಿಸುತ್ತದೆ: ದೂರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿ ಹರಡಿಕೊಂಡ ಮೇಲೆ ತುಮರಿ, ಕಳಸವಳ್ಳಿ ಕಡೆಯ ಹಿನ್ನೀರಿನ ಹಳ್ಳಿಗಳಿಗೆ ಸಾಗರವೆಂದರೆ ಲಾಂಚಿನಲ್ಲಿ ದಾಟಿ ಹೋಗುವ ಊರಾಯಿತು. ಸಂಜೆಯ ಲಾಂಚ್ ಹೋಯಿತೆಂದರೆ ಬೆಳಗಿನವರೆಗೆ ಆಚೆ ದಡ ಆಚೆಯೇ. ಹೊಸನಗರದ ಒಂಟಿಮನೆಗಳಿಂದ ಟಾರು ರಸ್ತೆಗೆ ಬರಲೇ ಒಂದು ತಾಸು. ತೀರ್ಥಹಳ್ಳಿಯವರು ಕಾಯಿಲೆ ಗಟ್ಟಿಯಾದರೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಓಡಬೇಕು. ರಾತ್ರಿ ಎಂಟಕ್ಕೆ ಮಗುವಿನ ಮೈ ಸುಡುತ್ತಿದ್ದರೆ ಮನೆಯ ಹಿರಿಯಳು ಏನು ಹೇಳಬೇಕಿತ್ತು? ಮಾಡಲಾಗದ್ದನ್ನು ಹೇಳಿ ಎಲ್ಲರನ್ನೂ ಹೆದರಿಸುವುದಕ್ಕಿಂತ, ಹಲ್ಲು ಎನ್ನುವುದು ಎಲ್ಲರೂ ಬೆಳಗಿನವರೆಗೆ ಹಿಡಿದುಕೊಳ್ಳಬಹುದಾದ ಹಗ್ಗ. ಅವಳ ಜಾಣತನವನ್ನು ನಾನು ಹಗುರ ಮಾಡಲಾರೆ. ಆದರೆ 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸಿಗಂದೂರು ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಉದ್ದದ ಆ ಸೇತುವೆಯ ಮೇಲೆ ಆಂಬುಲೆನ್ಸ್ ರಾತ್ರಿಯೂ ಓಡುತ್ತದೆ. ದೂರ ಕಡಿಮೆಯಾದ ಮೇಲೂ ದೂರದ ಕಾಲದ ಮಾತು ಮನೆಯಲ್ಲೇ ಉಳಿದಿದೆ.

ಮತ್ತೆ ಈ ಸೀಮೆಯಲ್ಲಿ ಜ್ವರ ಎಂದರೆ ಬರಿಯ ಜ್ವರವಲ್ಲ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಈ ಮೂರೂ ತಾಲ್ಲೂಕುಗಳನ್ನು ಬಿಟ್ಟುಹೋಗಿಲ್ಲ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಅದರ ಕೈಯಲ್ಲಿ ಪಟ್ಟ ಪಾಡನ್ನು ಇಲ್ಲಿಯವರು ಮರೆತಿಲ್ಲ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ. ಮಲೆನಾಡಿನಲ್ಲಿ ಅದೇ ಹೊತ್ತಿಗೆ ಅಡಿಕೆ ಕೊಯ್ಲು, ಸೊಪ್ಪಿನ ಬೆಟ್ಟದಿಂದ ದರಕು, ಅಂದರೆ ಒಣಗಿದ ಎಲೆ, ಗುಡಿಸಿ ಕೊಟ್ಟಿಗೆಗೆ ತರುವ ಕೆಲಸ. ಕಾಯಿಲೆ ಹರಡುವುದು ಉಣುಗಿನಿಂದ. ಎಳೆಯ ಉಣುಗು ಎಳ್ಳಿನಷ್ಟೂ ಇರುವುದಿಲ್ಲ, ಕಣ್ಣಿಗೇ ಬೀಳುವುದಿಲ್ಲ.

ಹಾಲು ಕುಡಿಯುವ ಮಗುವಿಗೆ ಮಂಗನ ಕಾಯಿಲೆ ಬರುವುದು ಅಪರೂಪ, ಕಾಡಿಗೆ ಹೋಗುವವರು ದೊಡ್ಡವರು. ಮನುಷ್ಯರಿಂದ ಮನುಷ್ಯರಿಗೆ ಅದು ಅಂಟುವುದೂ ಇಲ್ಲ. ಹಾಗಾಗಿ ಈ ಮಾತು ಹೆದರಿಸಲಿಕ್ಕಲ್ಲ. ಆದರೆ ದರಕು ಹೊತ್ತು ಬಂದ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳುವುದು, ದರಕಿನ ರಾಶಿಯ ಪಕ್ಕದಲ್ಲೇ ಚಾಪೆ ಹಾಸಿ ಮಲಗಿಸುವುದು ತಪ್ಪಬೇಕು. ಬೆಟ್ಟದಿಂದ ಬಂದವರು ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಬದಲಿಸಿ ಆಮೇಲೆ ಮಗುವನ್ನು ಮುಟ್ಟಲಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡಿದ್ದರೆ ಅದನ್ನು ತೊಳೆಯುವುದು ಇನ್ನೂ ಮುಖ್ಯ, ಹಲ್ಲು ಬರುವ ಮಗು ಮೊದಲು ಕಚ್ಚುವುದೇ ಎತ್ತಿಕೊಂಡವರ ಕೈಯನ್ನು. ಸುತ್ತಮುತ್ತ ಮಂಗ ಸತ್ತಿದೆ, ಮನೆಯಲ್ಲಿ ಯಾರಿಗೋ ಜ್ವರವಿದೆ, ಮಗುವಿಗೂ ಬಂತು ಎಂದಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ವಿವರವನ್ನೆಲ್ಲ ಹೇಳಬೇಕು. ರಕ್ತದ ಮಾದರಿ ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ ಹೋಗುತ್ತದೆ. ಮಳೆಗಾಲವಾದರೆ ಡೆಂಗಿ, ಇಲಿಜ್ವರಗಳ ಸರದಿ. ಹಲ್ಲು ಎಂದು ಕಳೆದುಕೊಂಡ ಎರಡು ದಿನಗಳ ಬೆಲೆ ಬಯಲುಸೀಮೆಗಿಂತ ಇಲ್ಲಿ ಹೆಚ್ಚು.

ಲೆಕ್ಕ ಸರಳ. ಮನೆಯಲ್ಲೊಂದು ಡಿಜಿಟಲ್ ಥರ್ಮಾಮೀಟರ್ ಇರಲಿ. ಅಂಗೈ ಇಟ್ಟು ನೋಡಿದ ಜ್ವರ ಯಾವ ಲೆಕ್ಕಕ್ಕೂ ಇಲ್ಲ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದನ್ನು ಹಲ್ಲಿನ ತಲೆಗೆ ಕಟ್ಟಬೇಡಿ. ಮೂರು ತಿಂಗಳೊಳಗಿನ ಮಗುವಿಗೆ ಅಷ್ಟು ಬಂದರೆ ಆ ಗಳಿಗೆಯೇ ಆಸ್ಪತ್ರೆ. ಯಾವ ವಯಸ್ಸಿನದಾದರೂ ಹಾಲು ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಉಸಿರಾಡುವಾಗ ಪಕ್ಕೆ ಒಳಗೆ ಎಳೆದರೆ ಬೆಳಗಾಗಲಿ ಎನ್ನಬಾರದು. ಪ್ಯಾರಸಿಟಮಾಲ್ ಕೊಡುವಾಗ ಸೀಸೆಯ ಮೇಲಿನ ಅಕ್ಷರ ಓದಿ. ಮಕ್ಕಳ ಡ್ರಾಪ್ಸ್‌ನ ಒಂದು ಮಿಲಿಯಲ್ಲಿ 100 ಮಿಲಿಗ್ರಾಂ ಇದ್ದರೆ, ಸಿರಪ್‌ನಲ್ಲಿ ಐದು ಮಿಲಿಗೆ 120 ಅಥವಾ 125, ಇನ್ನೊಂದರಲ್ಲಿ 250. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಹೊಯ್ದರೆ ಲಿವರಿಗೆ ಅಪಾಯ. ಮಗುವಿನ ತೂಕ ನೋಡಿ ವೈದ್ಯರು ಬರೆದುಕೊಟ್ಟದ್ದೇ ಅಳತೆ. ಭೇದಿಗೆ ಆಶಾ ಕಾರ್ಯಕರ್ತೆಯ ಬಳಿ ಸಿಗುವ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟು ಕುದಿಸಿ ಆರಿಸಿದ ನೀರಿಗೆ ಪೂರ್ತಿ ಹಾಕಬೇಕು, ಅರ್ಧ ಇಂದು ಅರ್ಧ ನಾಳೆ ಎಂದಲ್ಲ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕೂ ಚಿಕ್ಕದಕ್ಕೆ 10 ಮಿಲಿಗ್ರಾಂ ಸತುವಿನ ಮಾತ್ರೆ 14 ದಿನ. ಎದೆಹಾಲು ನಿಲ್ಲಿಸಬಾರದು.

ಒಸಡಿನ ನೋವಿಗೆ ಬೇಕಾದ್ದು ತೀರಾ ಕಡಿಮೆ. ಉಗುರು ಕತ್ತರಿಸಿ ತೊಳೆದ ಬೆರಳಿನಿಂದ ಒಸಡನ್ನು ಮೆಲ್ಲಗೆ ಒತ್ತುವುದು, ಫ್ರಿಜ್ಜಿನಲ್ಲಿಟ್ಟು ತಂಪಾದ, ಹೆಪ್ಪುಗಟ್ಟದ ಶುದ್ಧ ಬಟ್ಟೆಯನ್ನು ಕಚ್ಚಲು ಕೊಡುವುದು. ತೊಳೆದ ಬೆರಳು ಎಂದದ್ದು ಸುಮ್ಮನಲ್ಲ. ಎಲೆಗೆ ಸುಣ್ಣ ಹಚ್ಚಿ, ಹೊಗೆಸೊಪ್ಪು ಮುರಿದ ಕೈ ಸೀದಾ ಮಗುವಿನ ಬಾಯಿಗೆ ಹೋಗುವುದು ಕವಳ ಹಾಕುವ ಸೀಮೆಯಲ್ಲಿ ಆಗದ ಮಾತೇನಲ್ಲ. ಮಲೆನಾಡಿಗರಿಗೆ ಕೇಳಲು ಕಷ್ಟವಾಗುವ ಇನ್ನೊಂದು ಮಾತಿದೆ. ತುಡುವೆ ಜೇನಿರಲಿ, ಔಷಧಿಗೆಂದು ಎತ್ತಿಟ್ಟ ಮಿಸರಿ ಜೇನಿರಲಿ, ಒಂದು ವರ್ಷ ತುಂಬುವವರೆಗೆ ಮಗುವಿನ ಬಾಯಿಗೆ ಬೇಡ. ಎಷ್ಟೇ ಶುದ್ಧವಾದ ಜೇನಿನಲ್ಲೂ ಬೊಟುಲಿಸಂ ರೋಗಾಣುವಿನ ಬೀಜಕಗಳು ಇರಬಹುದು. ದೊಡ್ಡವರ ಕರುಳು ಅದನ್ನು ತಡೆಯುತ್ತದೆ, ಹಸುಗೂಸಿನದು ತಡೆಯುವುದಿಲ್ಲ, ಮೈಯ ಸ್ನಾಯುಗಳೇ ಸೋಲುವ ಸ್ಥಿತಿ ಬರಬಹುದು. ಸಾಣೆಕಲ್ಲಿನ ಮೇಲೆ ತೇಯ್ದು ಕೊಡುವ ಸುತ್ತುಖಾರದ ಬಜೆಯ ಬಗ್ಗೆಯೂ ನನಗೆ ಮೊದಲಿನ ಧೈರ್ಯವಿಲ್ಲ. ಅದರಲ್ಲಿರುವ ಅಸರೋನ್ ಎಂಬ ಅಂಶದ ಮೇಲಿನ ಅನುಮಾನಕ್ಕೆ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ತೇಯುವ ಸುತ್ತು ಎಷ್ಟೆಂಬುದು ಮನೆಮನೆಗೂ ಬೇರೆ. ಔಷಧಿ ಅಂಗಡಿಯ ಜೆಲ್ ಮೇಲೆಂದು ತಿಳಿಯುವುದೂ ಬೇಡ. ಬೆಂಜೊಕೇನ್ ಇರುವ ಮರಗಟ್ಟಿಸುವ ಜೆಲ್‌ಗಳು ರಕ್ತ ಆಮ್ಲಜನಕ ಒಯ್ಯುವುದನ್ನೇ ಕೆಡಿಸಬಲ್ಲವು ಎಂದು ಅಮೆರಿಕದ ಔಷಧ ನಿಯಂತ್ರಕರು 2011ರಲ್ಲಿ ಎಚ್ಚರಿಸಿದರು, 2018ರಲ್ಲಿ ಎರಡು ವರ್ಷದೊಳಗಿನವರಿಗೆ ಅವು ಬೇಡವೇ ಬೇಡ ಎಂದರು. ಕತ್ತಿಗೆ ಕಟ್ಟುವ ಮಣಿಸರಗಳದ್ದು ಉರುಳಾಗುವ, ಮಣಿ ಗಂಟಲಿಗೆ ಸಿಕ್ಕುವ ಭಯ.

ಗಂಟಲಿಗೆ ಸಿಕ್ಕುವುದೆಂದ ಮೇಲೆ ಅಡಿಕೆಯನ್ನು ಹೇಳಲೇಬೇಕು. ಕೊಯ್ಲಿನ ದಿನಗಳಲ್ಲಿ ಮನೆಮಂದಿಯೆಲ್ಲ ರಾತ್ರಿ ಅಡಿಕೆ ಸುಲಿಯುತ್ತಾ ಕೂತಿರುತ್ತಾರೆ, ಮಗು ಅಲ್ಲೇ ಹರಿದಾಡುತ್ತಿರುತ್ತದೆ. ಕಚ್ಚಲು ಹಾತೊರೆಯುವ ಬಾಯಿಗೆ ಉಂಡೆ ಅಡಿಕೆ, ಕತ್ತರಿಸಿದ ಹೋಳು, ಸಿಪ್ಪೆಯ ಚೂರು ಎಲ್ಲವೂ ಸರಿಯಾದ ಗಾತ್ರದ ಅಪಾಯ. ಕಚ್ಚಲಿ ಎಂದು ಹಸಿ ಕ್ಯಾರೆಟ್ ತುಂಡು ಕೊಡುವವರೂ ಅದೇ ತಪ್ಪು ಮಾಡುತ್ತಾರೆ. ಸುಲಿಯುವ ಜಾಗ ಬೇರೆ, ಮಗುವಿನ ಚಾಪೆ ಬೇರೆ ಇರಲಿ, ಒಬ್ಬರ ಕಣ್ಣು ಅದರ ಮೇಲಿರಲಿ.

ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲ ಎಂಬ ನಂಬಿಕೆ ಈಗಲೂ ಕೆಲವು ಮನೆಗಳಲ್ಲಿ ಪಿಸುಗುಡುತ್ತದೆ. ಹಲ್ಲುಗಳ ಸರದಿ ಒಂದಿಷ್ಟು ಅದಲುಬದಲಾಗುವುದು ಮಾಮೂಲು. ಹುಟ್ಟುವಾಗಲೇ ಹಲ್ಲಿರುವ ಮಕ್ಕಳೂ ಎರಡು ಮೂರು ಸಾವಿರಕ್ಕೊಬ್ಬರು ಇರುತ್ತಾರೆ. ಅಂಥ ಹಲ್ಲು ಅಲ್ಲಾಡುತ್ತಿದ್ದರೆ ಮಾತ್ರ ವೈದ್ಯರ ಕಣ್ಣಿಗೆ ಬೀಳಬೇಕು. ಮಾವನಿಗೆ ಕೆಲಸ ಬೇಕೇ ಬೇಕೆಂದಿದ್ದರೆ ಪೇಟೆಯಿಂದ ಮೆತ್ತನೆಯ ಸಣ್ಣ ಬ್ರಶ್ ತಂದುಕೊಡಲಿ. ಮೊದಲ ಹಲ್ಲು ಕಂಡ ದಿನದಿಂದಲೇ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಚ್ಚಿ ದಿನಕ್ಕೆರಡು ಸಲ ಉಜ್ಜಬೇಕು. ಸಿಹಿ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಿದರೆ ಮೇಲಿನ ಮುಂದಿನ ಹಲ್ಲುಗಳು ಬೇಗ ಹುಳುಕಾಗುತ್ತವೆ. ಹೇಗೂ ಬಿದ್ದುಹೋಗುವ ಹಾಲುಹಲ್ಲಲ್ಲವೇ ಎಂದು ಬಿಡಬಾರದು, ಕೆಲವು ಹಾಲುದವಡೆಗಳು ಹತ್ತು ಹನ್ನೊಂದು ವರ್ಷದವರೆಗೂ ಅನ್ನ ಅಗಿಯಬೇಕಾದವು. ಮೊದಲ ಹುಟ್ಟುಹಬ್ಬದ ಹೊತ್ತಿಗೆ ಒಮ್ಮೆ ದಂತವೈದ್ಯರಿಗೆ ತೋರಿಸಿ ಬರಬಹುದು. ಒಂಬತ್ತು ತಿಂಗಳ ದಡಾರ–ರುಬೆಲ್ಲಾ ಚುಚ್ಚುಮದ್ದು ಬಾಕಿ ಇದ್ದರೆ ಅದನ್ನೂ ಬೇಗ ಹಾಕಿಸಿ. ಆ ಚುಚ್ಚುಮದ್ದಿನ ನಂತರ ಕೆಲವು ದಿನ ಬಿಟ್ಟು ಬರುವ ಜ್ವರವನ್ನೂ ಈ ಕಡೆ ಹಲ್ಲಿನ ಲೆಕ್ಕಕ್ಕೇ ಬರೆಯುತ್ತಾರೆ.